ಗುಲಬರ್ಗಾದ ಮಷೀನ್ ಇಲ್ಲ ಅಂದಿತು

ಆಳಂದ
೧೨ ಜೂನ್ ೧೯೯೯

ಶರಫಣ್ಣನವರಿಗೆ ಕಸ್ತೂರಿಬಾಯಿ ಮಾಡುವ ಶರಣು.

ಈ ಕಾಗದ ಬಿಡಿಸಿ ನೋಡುತ್ತೀರೋ, ಕವರಿನ ಮೇಲಿನ ಅಕ್ಷರ ಗುರುತು ಹಿಡಿದು ಹಾಗೇ ಒಲೆಗೆ ಹಾಕುತ್ತೀರೋ ಗೊತ್ತಿಲ್ಲ. ಹಾಕಿದರೂ ನಾನು ಏನೂ ಅನ್ನುವ ಹಾಗಿಲ್ಲ. ಎರಡೂವರೆ ತಿಂಗಳಲ್ಲಿ ನಾಲ್ಕು ಸಲ ಬರೆಯಲು ಕೂತೆ. ನಾಲ್ಕು ಸಲವೂ 'ನಾವು ಇಲ್ಲಿ ಕ್ಷೇಮ' ಎಂದು ಬರೆದು ಮುಂದೆ ಪೆನ್ನು ಓಡಲಿಲ್ಲ. ಇವತ್ತು ಕ್ಷೇಮ ಬಿಟ್ಟು ಕೆಲಸದ ಮಾತಿನಿಂದಲೇ ಶುರು ಮಾಡುತ್ತೇನೆ.

ಮೊನ್ನೆ ಬುಧವಾರ ಹೊಸ ಪ್ರಿಂಟರಿಗೆ ಬೇಕಾದ ಪ್ಯಾಕೇಜ್ ತರಿಸಿಕೊಳ್ಳಲು ಇಲ್ಲಿಯ ಕಂಪ್ಯೂಟರಿನಿಂದ ಗುಲಬರ್ಗಾದ ಮಷೀನಿಗೆ ಫೋನ್ ಹಚ್ಚಿದೆ. ನಿಮಗೆ ಗೊತ್ತಿಲ್ಲದ್ದೇನೂ ಇಲ್ಲ, ಆದರೂ ನನ್ನ ತಲೆ ಸರಿಯಾಗಲಿ ಎಂದು ಮೊದಲಿನಿಂದ ಬರೆದುಕೊಳ್ಳುತ್ತೇನೆ. ನಮ್ಮ ಆರೋಗ್ಯ ಟ್ರಸ್ಟಿನ ದೊಡ್ಡ ಮಷೀನ್ ಇರುವುದು ಬೆಂಗಳೂರಲ್ಲಿ. ಮಷೀನುಗಳಿಗೆ ಬೇಕಾದ ಸಾಫ್ಟ್‌ವೇರ್ ಪ್ಯಾಕೇಜುಗಳೆಲ್ಲ ಅಲ್ಲಿ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ಕೇಂದ್ರದವರು ಬೆಂಗಳೂರಿಗೆ ನೇರ ಫೋನ್ ಹಚ್ಚಬಾರದು, ಬಿಲ್ಲು ಬರುತ್ತದೆ ಎಂದು ಗುಲಬರ್ಗಾ ಆಫೀಸಿನ ಸಾಹೇಬರ ಹುಕುಂ. ನಾವು ಕೇಳಬೇಕಾದದ್ದು ಗುಲಬರ್ಗಾದ ಮಷೀನನ್ನು. ಅದು ಬೆಂಗಳೂರನ್ನು ಕೇಳಿ ತಂದು, ಒಂದು ಪ್ರತಿ ತನ್ನಲ್ಲಿ ಇಟ್ಟುಕೊಂಡು, ನಮಗೊಂದು ಕೊಡುತ್ತದೆ. ಆಮೇಲೆ ಯಾರು ಕೇಳಿದರೂ ತನ್ನಲ್ಲಿರುವುದನ್ನೇ ಕೊಡುತ್ತದೆ. ಇಷ್ಟನ್ನೂ ನನಗೆ ಕಲಿಸಿದವರು ನೀವೇ.

ಪ್ರಿಂಟರಿನ ಪ್ಯಾಕೇಜ್ ಕೇಳಿದರೆ ಪರದೆಯ ಮೇಲೆ ಒಂದು ಸಾಲು ಬಂತು. ಅಂಥ ಪ್ಯಾಕೇಜ್ ಇಲ್ಲ. ಅದು ಬೆಂಗಳೂರಲ್ಲಿದೆ ಎಂದು ಬೆಂಗಳೂರಿನವರೇ ಅಚ್ಚು ಹಾಕಿಸಿ ಕಳಿಸಿದ ಪಟ್ಟಿ ನನ್ನ ಕೈಯಲ್ಲೇ ಇದೆ! ಇಲ್ಲದ್ದನ್ನು ಅಚ್ಚು ಹಾಕಿಸುವಷ್ಟು ಹುಚ್ಚರಲ್ಲ ಅವರು.

ಮಾರ್ಚ್ ಕೊನೆಗೆ ನೀವು ಮಾಡಿದ ಪ್ಯಾಕೇಜ್ ಕೇಳಿದಾಗಲೂ ಬಂದದ್ದು ಇದೇ ಸಾಲು. ಅಕ್ಷರಕ್ಕೆ ಅಕ್ಷರ ಇದೇ. ಅವತ್ತು ಸಾಹೇಬರು ಕರೆದು ಕೇಳಿದಾಗ ನಾನು ಹೇಳಿಕೆ ಬರೆದುಕೊಟ್ಟೆ: 'ಮೂರು ದಿನದಲ್ಲಿ ಏಳು ಸಲ ಕೇಳಿದೆ, ಏಳು ಸಲವೂ ಇಲ್ಲವೆಂದೇ ಉತ್ತರ ಬಂತು.' ಅಫಜಲಪುರದ ಚಂದ್ರಾಮನೂ ತನಗೆ ಹಾಗೇ ಬಂತೆಂದು ಬರೆದುಕೊಟ್ಟ. ಆ ಎರಡು ಕಾಗದ ಹಿಡಿದು ನಿಮ್ಮನ್ನು ಕೆಲಸದಿಂದ ತೆಗೆದರು. ಬೆಂಗಳೂರಿಗೆ ಹೋಗಿ ಪ್ಯಾಕೇಜ್ ಇಟ್ಟು ಬಂದೆ ಎಂಬ ನಿಮ್ಮ ವರದಿ ಸುಳ್ಳು, ನೀವು ಹೋದದ್ದು ಅಲ್ಲಿಯ ಬೀಗರ ಮದುವೆಗೆ ಎಂದರು. ನೀವು ರೈಲಿನ ಟಿಕೆಟ್ ತೋರಿಸಿದಿರಿ, ಅದನ್ನೂ ಮದುವೆಯ ಲೆಕ್ಕಕ್ಕೇ ಹಿಡಿದರು. ಬೆಂಗಳೂರಿಗೊಂದು ಮಾತು ಕೇಳ್ರಿ ಎಂದು ನೀವಂದಾಗ ಸಾಹೇಬರು ಅಂದದ್ದು ನನಗೆ ನೆನಪಿದೆ: "ನಮ್ಮ ಮಷೀನೇ ಹೇಳಾಕತ್ತದ, ಮತ್ತ ಅಲ್ಲಿ ಯಾಕ ಕೇಳಬೇಕು?"

ನಿಮ್ಮ ಪ್ಯಾಕೇಜ್ ಬಾರದ್ದರಿಂದ ಇಲ್ಲಿಯ ಅವಸ್ಥೆ ಹೀಗಿದೆ. ಏಪ್ರಿಲ್‌ನಲ್ಲಿ ಹುಟ್ಟಿದ ಕೂಸುಗಳಿಗೆ ಒಂಬತ್ತು ತಿಂಗಳಿಗೆ ಹಾಕುವ ದಡಾರದ ಚುಚ್ಚುಮದ್ದು ೨೦೦೦ದ ಜನವರಿಗೆ ಬೀಳುತ್ತದೆ. ನಮ್ಮ ಮಷೀನ್ ಅದನ್ನು ೧೯೦೦ ಎಂದು ಓದಿ, ಹೋದ ಶತಮಾನದಲ್ಲೇ ಮುಗಿದುಹೋಯಿತೆಂದು ಕೂಸಿನ ಹೆಸರನ್ನೇ ಪಟ್ಟಿಯಿಂದ ಬಿಟ್ಟುಬಿಡುತ್ತದೆ. ನೀವು ಸರಿ ಮಾಡಿದ್ದು ಅದನ್ನೇ. ಸಾಹೇಬರು ಡಿಸೆಂಬರ್‌ತನಕ ನೋಡೋಣ ಅನ್ನುತ್ತಾರೆ. ನಾನು ಹೊಸ ಕೂಸುಗಳ ಹೆಸರನ್ನೆಲ್ಲ ಕೈಯಿಂದ ಬರೆದು ನರ್ಸಬಾಯಿಗಳಿಗೆ ಕೊಡುತ್ತಿದ್ದೇನೆ. ಬೆರಳು ಮಡಚಲು ಬರದ ಹಾಗಾಗಿದೆ.

ಇಂಥ ಉತ್ತರವನ್ನು ನಂಬಬೇಕೋ ಬಿಡಬೇಕೋ, ತಿಳಿಯುವುದು ಹೇಗೆ? ಇಷ್ಟು ಹೇಳಿದರೆ ಸಾಕು.

ಇತಿ,
ಕಸ್ತೂರಿಬಾಯಿ


ಜೇವರ್ಗಿ
೩೦ ಜೂನ್ ೧೯೯೯

ಶ್ರೀಮತಿ ಕಸ್ತೂರಿಬಾಯಿಯವರಿಗೆ,

ನಿಮ್ಮ ಕಾಗದ ಮುಟ್ಟಿತು. ಒಲೆಗೆ ಹಾಕಲಿಲ್ಲ. ನಮ್ಮ ಮನೆಗೆ ಈಗ ಗ್ಯಾಸ್ ಬಂದಿದೆ, ಕಾಗದ ಸುಡಲು ಅನುಕೂಲವಿಲ್ಲ.

ನೀವು ಮಷೀನಿನ ವಿಷಯ ಕೇಳಿದ್ದೀರಿ. ನನ್ನ ಹತ್ತಿರ ಮಷೀನಿಲ್ಲ. ಬಸ್ ಸ್ಟ್ಯಾಂಡಿನ ಎದುರು ಇಮಾಮಸಾಬನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಅರ್ಧ ಮೇಜು ನನ್ನದು. ಮಿಕ್ಸರ್, ಟೇಪ್ ರೆಕಾರ್ಡರ್, ಇಸ್ತ್ರಿ ಪೆಟ್ಟಿಗೆ ಬರುತ್ತವೆ. ಅವು ಸುಳ್ಳು ಹೇಳುವುದಿಲ್ಲ. ಕೆಟ್ಟಿದ್ದರೆ ಸುಮ್ಮನೆ ಇರುತ್ತವೆ.

ಕೇಳಿದ್ದಕ್ಕೆ ಉತ್ತರ: ಗಡಿಯಾರ ಹಿಡಿದು ಕೂಡಿರಿ. ಗುಲಬರ್ಗಾದ ಮಷೀನ್ ನಿಜವಾಗಿ ಬೆಂಗಳೂರನ್ನು ಕೇಳಿದರೆ, ಅಲ್ಲಿಗೆ ಫೋನ್ ಹಚ್ಚಿ, ಲೈನ್ ಸಿಕ್ಕು, ಉತ್ತರ ಬರಲು ಒಂದು ನಿಮಿಷವಾದರೂ ಬೇಕು. ಅದಕ್ಕಿಂತ ಮೊದಲೇ 'ಇಲ್ಲ' ಬಂದರೆ ಅದು ಬೆಂಗಳೂರಿನ ಉತ್ತರವಲ್ಲ.

ಇನ್ನೊಂದು ಮಾತು, ನೀವು ಕೇಳಿಲ್ಲ, ಗೊತ್ತಿರಲಿ ಎಂದು ಬರೆಯುತ್ತೇನೆ. ಇಲ್ಲಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಜಾಗ ಒಂದು ಖಾಲಿ ಇದೆ. ಅರ್ಜಿ ಹಾಕಿದ್ದೇನೆ. ಸೆಪ್ಟೆಂಬರ್ ೨೭ಕ್ಕೆ ಸಂದರ್ಶನ. ಹಿಂದಿನ ನೌಕರಿಯ ಕಾಗದ ತರಬೇಕಂತೆ. ನನ್ನ ಕಾಗದದಲ್ಲಿ 'ಸುಳ್ಳು ವರದಿ ಕೊಟ್ಟಿದ್ದಕ್ಕಾಗಿ ತೆಗೆಯಲಾಗಿದೆ' ಎಂದಿದೆ. ನನಗೀಗ ನಲವತ್ತೆರಡು. ಇದು ತಪ್ಪಿದರೆ ಇನ್ನೊಂದು ಜಾಗ ಬರುವತನಕ ಕಾಯುವ ವಯಸ್ಸಲ್ಲ.

ಶರಫುದ್ದೀನ


ಆಳಂದ
೧೦ ಜುಲೈ ೧೯೯೯

ಶರಫಣ್ಣನವರಿಗೆ ಶರಣು.

ನೀವು ನನಗೆ 'ಶ್ರೀಮತಿ' ಎಂದು ಬರೆದಿದ್ದನ್ನು ಮೂರು ಸಲ ಓದಿದೆ. ಮೊದಲು 'ಏನ ತಂಗಿ' ಅನ್ನುತ್ತಿದ್ದಿರಿ. ಇರಲಿ, ನನಗೆ ಅದು ತಕ್ಕದ್ದೇ.

ನಿಮ್ಮ ಮಾತಿನಂತೆ ಗಡಿಯಾರ ಹಿಡಿದು ಕೂತೆ. ಮೂರು ದಿನ ಕರೆಂಟು ಕಾದೆ, ನಾಲ್ಕನೆಯ ದಿನ ಲೈನ್ ಸಿಕ್ಕಿತು. ಪ್ರಿಂಟರಿನ ಪ್ಯಾಕೇಜ್ ಕೇಳಿದೆ. ಎರಡು ಸೆಕೆಂಡ್! ಕಣ್ಣು ಪಿಳುಕಿಸುವುದರೊಳಗೆ ಇಲ್ಲ ಅಂದಿತು. ಆಮೇಲೆ ನಿಮ್ಮ ಪ್ಯಾಕೇಜಿನ ಹೆಸರನ್ನೂ ಟೈಪ್ ಮಾಡಿದೆ. ಈಗಲಾದರೂ ಬಂದೀತೆಂದು ನಿಮ್ಮದನ್ನು ಏಪ್ರಿಲ್‌ನಿಂದ, ಪ್ರಿಂಟರಿನದ್ದನ್ನು ಜೂನ್‌ನಿಂದ ವಾರ ವಾರವೂ ಕೇಳುತ್ತಲೇ ಬಂದಿದ್ದೇನೆ. ಅದಕ್ಕೂ ಎರಡೇ ಸೆಕೆಂಡ್.

ಕೂಡಲೇ ದೌಲತರಾಯರಿಗೆ ಫೋನ್ ಮಾಡಿದೆ. ಗುಲಬರ್ಗಾದ ಮಷೀನ್ ನೋಡಿಕೊಳ್ಳುವ ಮನುಷ್ಯ ಅವರೊಬ್ಬರೇ ಅಲ್ಲವೆ, ರಿಟೈರ್ ಆಗಲು ಎರಡು ವರ್ಷ ಉಳಿದಿದೆ, ಯಾವುದಕ್ಕೂ ಕೈ ಹಚ್ಚಲು ಹೆದರುತ್ತಾರೆ. "ನಿಮ್ಮ ಮಷೀನ್ ಇಲ್ಲ ಅನ್ನೋ ಮಾತನ್ನೂ ಇಟ್ಕೊಂತದೇನ್ರಿ?" ಎಂದು ಕೇಳಿದೆ.

"ಹೌದ್ರಿ ಬಾಯಿ," ಅಂದರು. "ಅದಕ್ಕೇನ್ ತಿಳೀತದ್ರಿ, ಬಂದದ್ದೆಲ್ಲಾ ಇಟ್ಕೋ ಅಂದ್ರ ಇಟ್ಕೊಂತದ. ಎಂಟ್ ದಿನಾ ಇಟ್ಕೊಂತದ. ನಡುವ ಯಾರರೆ ಮತ್ತ ಕೇಳಿದ್ರಂದ್ರ, ಅಲ್ಲಿಂದ ಮತ್ತ ಎಂಟ್ ದಿನಾ."

"ಇದನ್ನ ಅವತ್ತ ಯಾಕ ಹೇಳ್ಲಿಲ್ರಿ?"

"ಅವತ್ತ ಯಾರ್ ಕೇಳಿದ್ರಿ ನನ್ನ?"

ರಿಸೀವರ್ ಇಟ್ಟು ಲೆಕ್ಕ ಹಾಕಿದೆ. ಶರಫಣ್ಣ, ನಾನು ಏಳು ಸಲ ಕೇಳಿಯೇ ಇಲ್ಲ. ಬೆಂಗಳೂರಿನ ತನಕ ಹೋದದ್ದು ನನ್ನ ಮೊದಲನೆಯ ಸಲದ್ದೊಂದೇ. ಉಳಿದ ಆರು ಸಲ ಗುಲಬರ್ಗಾದ ಮಷೀನ್ ನನ್ನ ಮೊದಲನೆಯ ಉತ್ತರವನ್ನೇ ನನಗೆ ತಿರುಗಿ ಕೊಟ್ಟಿತು. ಚಂದ್ರಾಮನಿಗೂ ಅದನ್ನೇ ಕೊಟ್ಟಿತು. ಇಬ್ಬರು ಸಾಕ್ಷಿ, ಎಂಟೊಂಬತ್ತು ಸಲ ಎಂದು ಸಾಹೇಬರು ಬರೆದರಲ್ಲ, ಅಷ್ಟೂ ಕೂಡಿ ಒಂದೇ ಸಲ. ನಾನು ಮತ್ತೆ ಮತ್ತೆ ಕೇಳಿ ಕೇಳಿ ಅದರ ಆಯುಷ್ಯ ಬೆಳೆಸಿದೆ. ಖಾತ್ರಿ ಮಾಡಿಕೊಳ್ಳಬೇಕೆಂದೇ ಕೇಳಿದ್ದು ಅದನ್ನು.

ಒಂದು ಮಾತು ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆರು ಸಲದ್ದು ಸುಳ್ಳಾದರೂ ಮೊದಲನೆಯದ್ದು ಬೆಂಗಳೂರಿನಿಂದಲೇ ಬಂದಿರಬೇಕಲ್ಲ? ಅದು ಖರೆ ಇರಬಹುದಲ್ಲ? ಸಾಹೇಬರ ಮುಂದೆ ಹೋದರೆ ಮೊದಲು ಕೇಳುವುದೇ ಇದನ್ನು. ನನಗೆ ಉತ್ತರ ಗೊತ್ತಿರಬೇಕು.

ಇತಿ,
ಕಸ್ತೂರಿಬಾಯಿ


ಜೇವರ್ಗಿ
೨೪ ಜುಲೈ ೧೯೯೯

ಕಸ್ತೂರಿಬಾಯಿಯವರಿಗೆ,

ಮೊದಲನೆಯ ಸಲದ್ದು ಖರೆ ಇರಬಹುದು ಎಂದು ಬರೆದಿದ್ದೀರಿ. ಇರಬಹುದು. ನೋಡಿ.

ನೋಡುವ ರೀತಿ ಹೇಳುತ್ತೇನೆ. ಗುಲಬರ್ಗಾದಲ್ಲೇ ಕೂತು ಮಾಡಬೇಕು, ದೌಲತರಾಯರು ಒಪ್ಪಬೇಕು. ಮೊದಲು ಆ ಮಷೀನಿನ ನೆನಪನ್ನೆಲ್ಲ ತೆಗೆದುಹಾಕಿರಿ. ಆಮೇಲೆ ಲೋಕದಲ್ಲೇ ಇಲ್ಲದ ಒಂದು ಪ್ಯಾಕೇಜ್ ಕೇಳಿರಿ, ಬಾಯಿಗೆ ಬಂದ ಹೆಸರು ಹಾಕಿ. ಬಂದ ಉತ್ತರ ಬರೆದಿಡಿ. ಆಮೇಲೆ ಇದ್ದೇ ಇದೆ ಎಂದು ನಿಮ್ಮ ಕೈಯಲ್ಲಿ ಪಟ್ಟಿ ಇರುವ ಪ್ರಿಂಟರಿನದ್ದನ್ನು ಕೇಳಿರಿ. ಎರಡಕ್ಕೂ ಒಂದೇ ಉತ್ತರ ಬಂದರೆ, ಆ ಉತ್ತರದಿಂದ ಏನೂ ತಿಳಿಯುವುದಿಲ್ಲ ಎಂದೇ ಅರ್ಥ. ಇಲ್ಲದ್ದಕ್ಕೂ ಅದೇ, ಇದ್ದದ್ದಕ್ಕೂ ಅದೇ.

ಹಾಗೆ ಯಾಕಾಗುತ್ತದೆ ಅಂದರೆ: ಗುರುತಿಲ್ಲದವರು ಬಾಗಿಲು ಬಡಿದರೆ ಕೆಲವು ಮನೆಯವರು 'ಒಳಗ ಬರಬ್ಯಾಡ್ರಿ' ಅನ್ನುವುದಿಲ್ಲ, 'ಮನ್ಯಾಗ ಯಾರೂ ಇಲ್ರಿ' ಅನ್ನುತ್ತಾರೆ. ಬೆಂಗಳೂರಿನ ಮಷೀನ್ ಅಂಥದ್ದು. ಟ್ರಸ್ಟಿನವರೇ ಮಾಡಿಸಿದ, ಕೊಂಡುಕೊಂಡ ಪ್ಯಾಕೇಜುಗಳಿಗೆ ಬೀಗವಿದೆ. ಪಾಸ್‌ವರ್ಡ್ ಸರಿಯಾಗಿ ಹೇಳದವರಿಗೆ ಅದು ನಿನಗೆ ಪರವಾನಿಗೆ ಇಲ್ಲ ಅನ್ನುವುದಿಲ್ಲ. ಪ್ಯಾಕೇಜೇ ಇಲ್ಲ ಅನ್ನುತ್ತದೆ. ಕಳ್ಳರಿಗೆ ಮಾಲಿದೆ ಎಂಬುದೂ ಗೊತ್ತಾಗಬಾರದೆಂದು ಹಾಗೆ ಮಾಡಿದ್ದಾರೆ.

ಏಪ್ರಿಲ್‌ನಲ್ಲಿ ಇದನ್ನೆಲ್ಲ ಹೇಳಲು ನಾನು ಸಾಹೇಬರ ಕೋಣೆಯ ಹೊರಗೆ ಎರಡು ದಿನ ನಿಂತಿದ್ದೆ. ಈಗ ಬರೆಯಲು ಅರ್ಧ ಗಂಟೆ ಹಿಡಿಯಿತು. ಬೆಸುಗೆ ಹೊಗೆಗೆ ಕಣ್ಣು ಉರಿಯುತ್ತಿವೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಶರಫುದ್ದೀನ


ಆಳಂದ
೯ ಆಗಸ್ಟ್ ೧೯೯೯

ಶರಫಣ್ಣ,

ನಿನ್ನೆ ಗುಲಬರ್ಗಾಕ್ಕೆ ಹೋಗಿ ಬಂದೆ. ಆದದ್ದು ಆದ ಹಾಗೆ ಬರೆಯುತ್ತೇನೆ. ಬಸ್ಸಿನ ದಣಿವಿದೆ, ಅಕ್ಷರ ಸೊಟ್ಟಗಾದರೆ ಕ್ಷಮಿಸಿ.

ದೌಲತರಾಯರು ಬೀಗದ ಕೈ ಗೊಂಚಲು ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಆಯಿತವಾರ ಸುದ್ದಾ ಬಿಡಂಗಿಲ್ರಿ ನೀವು. ಸಾಹೇಬ್ರಿಗೆ ಗೊತ್ತಾದ್ರ ನನ್ನ ಪೆನ್ಶನ್ ಹೋಗ್ತದ" ಎಂದು ಗೊಣಗುತ್ತಲೇ ಒಳಗೆ ಬಿಟ್ಟರು. ಮಷೀನಿನ ನೆನಪು ತೆಗೆದುಹಾಕಲು ಒಪ್ಪಿಸುವಷ್ಟರಲ್ಲಿ ಎರಡು ಚಹಾ ಆದವು.

ಮೊದಲು ಇಲ್ಲದ ಪ್ಯಾಕೇಜ್. ನನಗೆ ಹಸಿವಾಗಿತ್ತು, 'ಜೋಳದ ರೊಟ್ಟಿ' ಎಂದೇ ಟೈಪ್ ಮಾಡಿದೆ. ಒಂದು ನಿಮಿಷ ಹತ್ತು ಸೆಕೆಂಡಿಗೆ ಉತ್ತರ ಬಂತು: ಅಂಥ ಪ್ಯಾಕೇಜ್ ಇಲ್ಲ. ಆಮೇಲೆ ಪ್ರಿಂಟರಿನದ್ದು. ಒಂದು ನಿಮಿಷದ ಮೇಲೆ ಅದೇ ಸಾಲು. ಆಮೇಲೆ ನಿಮ್ಮದು. ಅದಕ್ಕೂ ಅದೇ.

"ನೋಡ್ರಿ ಬಾಯಿ, ಈಗೂ ಇಲ್ಲಂತದಲ್ಲ" ಅಂದರು ದೌಲತರಾಯರು.

ಸುಳ್ಳು ಹೇಳಲಾರೆ, ಆ ಗಳಿಗೆಯಲ್ಲಿ ನನಗೆ ನಿಮ್ಮ ಮೇಲೆ ಮತ್ತೆ ಸಂಶಯ ಬಂತು. ಈ ಸಲ ಉತ್ತರ ನೇರ ಬೆಂಗಳೂರಿನಿಂದ ಬಂದಿತ್ತು. ಎದ್ದು ಬಸ್ಸಿಗೆ ಹೋಗಿಬಿಡೋಣ ಅನ್ನಿಸಿತು. ಆಮೇಲೆ ನಿಮ್ಮ ಕಾಗದ ತೆಗೆದು ಮತ್ತೆ ಓದಿದೆ. ಇಲ್ಲದ್ದಕ್ಕೂ ಅದೇ, ಇದ್ದದ್ದಕ್ಕೂ ಅದೇ. ಪ್ರಿಂಟರಿನದ್ದು ಇದೆ, ರೊಟ್ಟಿ ಇಲ್ಲ, ಎರಡಕ್ಕೂ ಒಂದೇ ಮಾತು ಬಂದಿದೆ. ಹಾಗಾದರೆ ಈ ಮಾತು ಹಿಡಿದು ನಿಮ್ಮದರ ಬಗ್ಗೆ ನಾನು ಏನು ತಿಳಿದಂತಾಯಿತು? ಏನೂ ಇಲ್ಲ.

ಬೀಗವಿಲ್ಲದ ಹಳೆಯ ಪ್ಯಾಕೇಜೊಂದನ್ನು ಕೇಳಿದೆ. ಅದು ಸುರಳೀತ ಬಂತು. ಬೀಗವಿದ್ದವು ಮಾತ್ರ ಬರುತ್ತಿಲ್ಲ. ಅದಕ್ಕೇ ನಮಗಾರಿಗೂ ಸಂಶಯ ಬಂದಿರಲಿಲ್ಲ, ನೋಡಿ. ದಿನದ ಕೆಲಸಕ್ಕೆ ಬೇಕಾದವು ಬರುತ್ತಲೇ ಇದ್ದವು.

"ಪಾಸ್‌ವರ್ಡ್ ಯಾವಾಗರೆ ಬದಲ್ ಮಾಡ್ಯಾರೇನ್ರಿ?" ಎಂದು ಕೇಳಿದೆ. ದೌಲತರಾಯರು ಇಲ್ಲವೆಂದರು. ಕಪಾಟಿನ ಕೀಲಿ ಅವರ ಗೊಂಚಲಲ್ಲೇ ಇತ್ತು. ಬೆಂಗಳೂರಿನ ಫೈಲು ತೆಗೆಸಿ ಇಬ್ಬರೂ ಒಂದೊಂದೇ ಹಾಳೆ ತಿರುವಿದೆವು. ಸಿಕ್ಕಿತು. ಮಾರ್ಚ್ ೧೯ರ ಕಾಗದ. '೨೨ರಿಂದ ಹೊಸ ಪಾಸ್‌ವರ್ಡ್ ಜಾರಿಗೆ ಬರುತ್ತದೆ, ಹಳೆಯದರಿಂದ ಬೀಗವಿರುವ ಪ್ಯಾಕೇಜುಗಳು ಸಿಗುವುದಿಲ್ಲ.' ಮೂಲೆಯಲ್ಲಿ ಹಸಿರು ಶಾಯಿಯಲ್ಲಿ ಸಾಹೇಬರ ಅಕ್ಷರ: ನೋಡಿದೆ, ಫೈಲ್ ಮಾಡಿ.

ಫೈಲ್ ಮಾಡಿದ್ದಾರೆ, ಮಷೀನಿಗೆ ಮಾತ್ರ ಯಾರೂ ಹೇಳಿಲ್ಲ. ದೌಲತರಾಯರ ಬಾಯೊಳಗಿನ ಎಲೆಅಡಿಕೆ ಹಾಗೇ ನಿಂತಿತು. "ಬಾಯಿ, ದೇವರಾಣಿ, ಈ ಕಾಗದ ನನ್ನ ಕೈಗೆ ಬಂದೇ ಇಲ್ರಿ. ಶರಫುದ್ದೀನನ ಅನ್ನ ಕಸಗೊಂಡಂಗಾತಲ್ರಿ ನಾವು" ಎಂದು ಕುರ್ಚಿಯಲ್ಲಿ ಕುಸಿದರು. ನಾನೂ ಕೂತೆ.

ಆ ಕಾಗದದಲ್ಲೇ ಇದ್ದ ಹೊಸ ಪಾಸ್‌ವರ್ಡ್ ಹಾಕಿ ನಿಮ್ಮ ಪ್ಯಾಕೇಜ್ ಕೇಳಿದೆವು. ಎರಡು ಸೆಕೆಂಡಿಗೆ ಇಲ್ಲ ಅಂದಿತು! ಅಯ್ಯೋ ಇದರ ಮನಿ ಹಾಳಾಗ ಎಂದು ಬೈದುಬಿಟ್ಟೆ. ಆಮೇಲೆ ಹೊಳೆಯಿತು, ಸ್ವಲ್ಪ ಹೊತ್ತಿನ ಹಿಂದಿನ ನಮ್ಮದೇ 'ಇಲ್ಲ' ಅದರ ಹೊಟ್ಟೆಯಲ್ಲಿತ್ತು. ಮತ್ತೆ ನೆನಪು ತೆಗೆದುಹಾಕಿ ಮತ್ತೆ ಕೇಳಿದೆವು. ಹನ್ನೊಂದು ನಿಮಿಷ ಲೈನ್ ಕಡಿಯದೆ ನಿಂತಿತು, ಮತ್ತು ಬಂತು, ಶರಫಣ್ಣ. ನಿಮ್ಮ ಹೆಸರಿದೆ. ಇಟ್ಟ ದಿನ ೨೭ ಮಾರ್ಚ್ ೧೯೯೯, ಸಂಜೆ ನಾಲ್ಕು ಹತ್ತು. ನಾನು ಮೊದಲನೆಯ ಸಲ ಕೇಳುವುದಕ್ಕಿಂತ ಮೂರು ದಿನ ಮುಂಚೆ.

ಇವತ್ತು ಬೆಳಿಗ್ಗೆ ಇಲ್ಲಿ ಅದನ್ನು ಹಾಕಿದೆ. ಮಷೀನ್ ಬಿಟ್ಟಿದ್ದ ಕೂಸುಗಳೆಲ್ಲ ಪಟ್ಟಿಗೆ ಬಂದವು. ಭೂಸನೂರಿನ ಮಾಣಿಕಮ್ಮನ ಮೊಮ್ಮಗಳು, ದಡಾರ, ೧೪ ಜನವರಿ ೨೦೦೦. ಪರದೆಯ ಮುಂದೆ ಕೂತು ಅತ್ತುಬಿಟ್ಟೆ. ನರ್ಸಬಾಯಿ ಹೆದರಿ ನೀರು ತಂದುಕೊಟ್ಟಳು.

ನಾನು ತಪ್ಪು ಮಾಡಿದೆ. ಮಷೀನಿನ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದಿಲ್ಲ. ನನ್ನ ಹೇಳಿಕೆ ನಿಮ್ಮ ಹೊಟ್ಟೆಯ ಮೇಲೆ ಕಾಲಿಟ್ಟಿತು. ಅದನ್ನು ಹಿಂದಕ್ಕೆ ತೆಗೆದುಕೊಂಡು, ಈಗ ಕಂಡದ್ದನ್ನೆಲ್ಲ ಬರೆದು ಸಾಹೇಬರಿಗೆ ಕೊಡುತ್ತೇನೆ. ಸೆಪ್ಟೆಂಬರ್ ೨೭ರೊಳಗೆ ನಿಮ್ಮ ಕಾಗದದಿಂದ ಆ ಶಬ್ದ ಹೋಗಬೇಕು.

ಇತಿ,
ಕಸ್ತೂರಿ


ಜೇವರ್ಗಿ
೨೧ ಆಗಸ್ಟ್ ೧೯೯೯

ಕಸ್ತೂರಿಬಾಯಿಯವರಿಗೆ,

ಕಾಗದ ಬಂತು. ನೀವು ಬರೆದ ತಾರೀಖು ಸರಿಯಾಗಿದೆ. ೨೭ ಮಾರ್ಚ್, ಶನಿವಾರ. ನಾಲ್ಕು ಹತ್ತರ ವಿಷಯ ನನಗೆ ನೆನಪಿಲ್ಲ. ಅವತ್ತು ಬೆಳಗಿನಿಂದ ಊಟವಾಗಿರಲಿಲ್ಲ ಎಂಬುದು ನೆನಪಿದೆ.

ಸಾಹೇಬರಿಗೆ ಬರೆದುಕೊಡುವ ಮೊದಲು ವಿಚಾರ ಮಾಡಿರಿ. ಅವರ ಹಸಿರು ಶಾಯಿ ಇರುವ ಕಾಗದ ಅದು. ನಿಮ್ಮ ಕೆಲಸವೂ ವರ್ಷ ವರ್ಷ ಹೊಸದಾಗಿ ಕರಾರು ಬರೆದುಕೊಡುವ ಕೆಲಸ. ಮನೆಯಲ್ಲಿ ನಿಮ್ಮೊಬ್ಬರದೇ ದುಡಿಮೆ. ದೌಲತರಾಯರಿಗೂ ಹೇಳಿರಿ, ಅವರ ಮೇಲೆ ನನಗೆ ಸಿಟ್ಟಿಲ್ಲ.

ಮನೆಯವಳಿಗೆ ನಿಮ್ಮ ಕಾಗದ ಓದಿ ಹೇಳಿದೆ. ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಬಂದು, "ಅಂದ್ರ ನೀವು ಖರೇನ ಆ ಆಫೀಸಿಗೆ ಹೋಗಿದ್ರಿ?" ಎಂದು ಕೇಳಿದಳು. ಐದು ತಿಂಗಳು ಇವಳೂ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೆಂದು ನನಗೆ ಗೊತ್ತಿರಲಿಲ್ಲ.

ಮಳೆ ಚೆನ್ನಾಗಿದೆ. ಕೊಳಕೂರ ಕಡೆ ತೊಗರಿ ಎದ್ದಿದೆ ಅನ್ನುತ್ತಾರೆ.

ಶರಫುದ್ದೀನ


ಆಳಂದ
೧೮ ಸೆಪ್ಟೆಂಬರ್ ೧೯೯೯

ಶರಫಣ್ಣ,

ಈ ಲಕೋಟೆಯೊಳಗೆ ಇನ್ನೊಂದು ಕಾಗದವಿದೆ. ಅದನ್ನು ಮೊದಲು ತೆಗೆದು ಭದ್ರವಾಗಿ ಇಟ್ಟುಕೊಳ್ಳಿ. ಆಮೇಲೆ ಇದನ್ನು ಓದಿ.

ಆಗಸ್ಟ್ ಕೊನೆಗೆ ಸಾಹೇಬರಿಗೆ ಎಲ್ಲ ಬರೆದುಕೊಟ್ಟೆ. ಮೂರನೆಯ ದಿನ ಟೈಪ್ ಮಾಡಿದ ಉತ್ತರ ಬಂತು: 'ಸದರಿ ವಿಷಯವನ್ನು ಏಪ್ರಿಲ್ ತಿಂಗಳಲ್ಲಿ ಪರಿಶೀಲಿಸಿ ಇತ್ಯರ್ಥಪಡಿಸಲಾಗಿದೆ.' ಓದಿಯೇ ಇರಲಿಕ್ಕಿಲ್ಲ ಎಂದು ಮತ್ತೆ ಬರೆದೆ, ಮಾರ್ಚ್ ೧೯ರ ಕಾಗದದ ಝೆರಾಕ್ಸ್ ಹಚ್ಚಿ ಕಳಿಸಿದೆ. ಮತ್ತೆ ಅದೇ ಉತ್ತರ, ತಾರೀಖು ಮಾತ್ರ ಬೇರೆ. ನಾನೇ ಹೋಗಿ ನಿಂತೆ. ಸಾಹೇಬರು ಕನ್ನಡಕದ ಮೇಲಿಂದ ನೋಡಿ, "ಬಾಯಿ, ಅದು ಆಗಿ ಹೋದ ಮಾತದ. ನಿಮ್ಮ ಹೇಳಿಕಿ ಮ್ಯಾಲೇ ಆಗ್ಯದ. ನೀವೇ ಈಗ ಸುಳ್ಳಂತೀರೇನು?" ಅಂದರು.

"ಹೌದ್ರಿ, ಸುಳ್ಳಂತೇನಿ" ಅಂದೆ. ಅಷ್ಟು ಅನ್ನಲು ನನಗೆ ನಲವತ್ತು ವರ್ಷ ಬೇಕಾಯಿತು ನೋಡಿ.

ಇವರನ್ನು ಎಷ್ಟು ಸಲ ಕೇಳಿದರೂ ಬರುವುದು ಏಪ್ರಿಲ್‌ನ ಉತ್ತರವೇ ಎಂದು ಅವತ್ತೇ ತಿಳಿಯಿತು. ಬೆಂಗಳೂರಿಗೆ ನೇರ ಕೇಳಬಾರದೆಂದು ಹುಕುಂ ಇರುವುದು ಫೋನಿಗೆ. ರೈಲಿಗಿಲ್ಲ. ನಮ್ಮ ಅತ್ತೆಯ ಔಷಧಿ, ನೀರು, ಅಡುಗೆ ಎಲ್ಲ ಪಕ್ಕದ ಮನೆಯ ಸಾಬವ್ವಳಿಗೆ ಒಪ್ಪಿಸಿ ಹೋದೆ. ಎರಡು ದಿನ ದೊಡ್ಡ ಆಫೀಸಿನ ಬೆಂಚಿನ ಮೇಲೆ ಕೂತೆ. ನನ್ನ ಮಾತು ಕೇಳಿ ಅಲ್ಲಿಯ ಹುಡುಗಿಯೊಬ್ಬಳು ನಗುತ್ತಾಳೆ! ನಿಮ್ಮ ಪ್ಯಾಕೇಜ್ ಅಲ್ಲಿ ಎಲ್ಲರಿಗೂ ಗೊತ್ತು. ಬೇರೆ ನಾಲ್ಕು ಜಿಲ್ಲೆಯವರು ಏಪ್ರಿಲ್‌ನಿಂದ ಅದನ್ನೇ ಬಳಸುತ್ತಿದ್ದಾರೆ. 'ಇದನ್ನು ಮಾಡಿದವರು ನಿಮ್ಮ ಕಡೆಯವರೇ ಅಲ್ಲವೆ, ಚೆನ್ನಾಗಿ ಮಾಡಿದ್ದಾರೆ' ಎಂದು ನನಗೇ ಹೇಳುತ್ತಾಳೆ. ನೆಲ ಬಿರಿಯಬಾರದೆ ಅನ್ನಿಸಿತು. ಅಷ್ಟು ಜನಕ್ಕೆ ಸಿಕ್ಕಿದ್ದು, ಅದನ್ನು ಮಾಡಿದವನ ಊರಿನವರಿಗೆ ಮಾತ್ರ ಸಿಗಲಿಲ್ಲ.

ಎರಡನೆಯ ದಿನ ಸಂಜೆ ಹಿರಿಯ ಅಧಿಕಾರಿ ಒಳಗೆ ಕರೆದರು. ಎರಡೂ ಮಷೀನಿನ ದಾಖಲೆ ತರಿಸಿ ನೋಡಿದರು. ಮಾರ್ಚ್ ೩೦ಕ್ಕೆ ಗುಲಬರ್ಗಾದಿಂದ ಬಂದ ಕೇಳಿಕೆ ಒಂದೇ ಒಂದು, ಹಳೆಯ ಪಾಸ್‌ವರ್ಡಿನದ್ದು. ಅಲ್ಲೇ ಕೂತು ಬರೆಸಿದರು. 'ಸುಳ್ಳು ವರದಿ' ಎಂಬ ಮಾತನ್ನು ಹಿಂದಕ್ಕೆ ಪಡೆಯಲಾಗಿದೆ, ಶರಫುದ್ದೀನರ ಕೆಲಸದಲ್ಲಿ ಯಾವ ಲೋಪವೂ ಇರಲಿಲ್ಲ. ಸಹಿ, ಸಿಕ್ಕಾ, ಎಲ್ಲ ಇದೆ. ರೈಲಿನಲ್ಲಿ ಬರುವಾಗ ರಾತ್ರಿಯೆಲ್ಲ ಅದನ್ನು ಸೀರೆಯ ಸೆರಗಿಗೆ ಪಿನ್ನು ಹಾಕಿಕೊಂಡೇ ಕೂತಿದ್ದೆ.

ಅಕ್ಟೋಬರ್ ಒಂದರಿಂದ ನನ್ನನ್ನು ಅಫಜಲಪುರಕ್ಕೆ ಹಾಕಿದ್ದಾರೆ. ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಆಗಲಿ. ನನಗೇನೂ ಅನ್ನಿಸುತ್ತಿಲ್ಲ, ಬಹಳ ದಣಿದಿದ್ದೇನೆ ಅಷ್ಟೆ.

೨೭ಕ್ಕೆ ಹೋಗುವಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ. ಏನಾಯಿತೆಂದು ಒಂದು ಸಾಲು ಬರೆಯಿರಿ.

ಇತಿ,
ಕಸ್ತೂರಿ


ಜೇವರ್ಗಿ
೩ ಅಕ್ಟೋಬರ್ ೧೯೯೯

ತಂಗಿ ಕಸ್ತೂರಿಗೆ ಶರಫಣ್ಣನ ಸಲಾಮು.

ಕೆಲಸ ಸಿಕ್ಕಿತು. ನೀನು ಕಳಿಸಿದ ಕಾಗದವನ್ನು ಅವರು ಐದು ಜನ ಕೈಯಿಂದ ಕೈಗೆ ದಾಟಿಸಿ ನೋಡಿದರು. ಹಿಂದಿನದ್ದರ ಬಗ್ಗೆ ಏನೂ ಕೇಳಲಿಲ್ಲ. ನಾಳೆಯಿಂದ ಪಾಠ. ಇಮಾಮಸಾಬ ಅಂಗಡಿಯವರಿಗೆಲ್ಲ ಚಹಾ ಕುಡಿಸಿದ, ಅರ್ಧ ಮೇಜು ಇನ್ನೊಬ್ಬರಿಗೆ ಕೊಡುವುದಿಲ್ಲವಂತೆ, ಆಯಿತವಾರಕ್ಕಾದರೂ ಬಾ ಅನ್ನುತ್ತಾನೆ. ಮನೆಯವಳು ನಿನಗೆಂದು ಬೆಲ್ಲದ ಶೇಂಗಾ ಹೋಳಿಗೆ ಮಾಡಿಟ್ಟಿದ್ದಾಳೆ. ಅಫಜಲಪುರಕ್ಕೆ ಹೋಗಿ ಬರುವ ನಿನ್ನ ಕಷ್ಟ ನೆನೆಸಿಕೊಂಡರೆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವಳೇ ಅಂದಳು.

ನನಗಾಗಿ ನೀನು ಮಾಡಿದ್ದನ್ನು ಒಡಹುಟ್ಟಿದವರೂ ಮಾಡುವುದಿಲ್ಲ. ಇದನ್ನು ಮೊದಲು ಹೇಳಿ ಆಮೇಲೆ ಇನ್ನೊಂದು ಮಾತು ಹೇಳುತ್ತೇನೆ. ಹೇಳದೆ ಬಿಟ್ಟರೆ ಅದು ನನ್ನೊಳಗೇ ಕೊಳೆಯುತ್ತದೆ.

ನೀನು ಹೇಳಿಕೆ ಬರೆದುಕೊಟ್ಟದ್ದಕ್ಕೆ ನನಗೆ ಸಿಟ್ಟು ಬಂತೆಂದು ತಿಳಿದಿದ್ದೀಯಲ್ಲ, ಅದಲ್ಲ. ನಿನಗೆ ಕಂಡದ್ದನ್ನು ನೀನು ಬರೆದೆ. ಪರದೆಯ ಮೇಲೆ ಇಲ್ಲ ಎಂದು ಬಂತು, ಇಲ್ಲ ಎಂದು ಬಂತೆಂದು ಬರೆದೆ. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆನೋ ಏನೋ. ಮಾರ್ಚ್ ೩೦, ೩೧, ಏಪ್ರಿಲ್ ೧, ಆ ಮೂರು ದಿನವೂ ನಾನು ಜೇವರ್ಗಿಯ ಕೇಂದ್ರದಲ್ಲಿ ಫೋನಿನ ಪಕ್ಕದಲ್ಲೇ ಇದ್ದೆ. ಆ ನಂಬರು ನಿನಗೆ ಬಾಯಿಪಾಠವಿತ್ತು. ವಾರಕ್ಕೆ ನಾಲ್ಕು ಸಲ ನೀನೇ ಹಚ್ಚುತ್ತಿದ್ದೆ. ಆ ಮೂರು ದಿನ ಆ ಫೋನ್ ಒಮ್ಮೆಯೂ ರಿಂಗಾಗಲಿಲ್ಲ.

ನೀನು ಗುಲಬರ್ಗಾದ ಮಷೀನನ್ನು ಏಳು ಸಲ ಕೇಳಿದೆ. ದೌಲತರಾಯರನ್ನು ಕೇಳಿದೆ. ಫೈಲುಗಳನ್ನು ತಿರುವಿದೆ. ಬೆಂಗಳೂರಿನ ತನಕ ಹೋಗಿ ಬೆಂಚಿನ ಮೇಲೆ ಕೂತು ಕೇಳಿ ಬಂದೆ. ನನಗೆ ನಾಲ್ಕು ಕಾಗದ ಬರೆದೆ, ನಾಲ್ಕನ್ನೂ ಇಟ್ಟುಕೊಂಡಿದ್ದೇನೆ, ನಿನ್ನೆ ಮತ್ತೆ ಓದಿದೆ. ಮಷೀನಿನ ವಿಷಯ ಎಷ್ಟೆಲ್ಲ ಕೇಳಿದ್ದೀ. 'ಅಣ್ಣಾ, ನೀ ಪ್ಯಾಕೇಜ್ ಇಟ್ಟಿದ್ದೇನು?' ಎಂದು ಒಂದರಲ್ಲೂ ಕೇಳಿಲ್ಲ.

ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ, ತಂಗಿ. ಇಟ್ಟಿದ್ದೆ.

ನಿನ್ನ ಅಣ್ಣ,
ಶರಫುದ್ದೀನ